ಫಿಸಿಕ್ಸ್ ಮೇಡಂ ಹೇಳುವ ನೀಟ್ ಲೆಕ್ಕ

ಡಾಕ್ಟರಾಗಬೇಕೆಂದು ಹೊರಟ ಮಕ್ಕಳು ಯಾವ ಸಬ್ಜೆಕ್ಟನ್ನು ಎಲ್ಲಕ್ಕಿಂತ ಹೆಚ್ಚು ಬೈದುಕೊಳ್ಳುತ್ತಾರೋ ಅದನ್ನೇ ಪಾಠ ಮಾಡಿ ಸಂಬಳ ತಗೊಳ್ಳುವವಳು ನಾನು. ತಿಪಟೂರು ಕಡೆಯ ಸರ್ಕಾರಿ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಲೆಕ್ಚರರ್. "ಬಯಾಲಜಿ ಅಂದ್ರೆ ಪ್ರಾಣ ಮೇಡಂ, ನಿಮ್ಮ ಸಬ್ಜೆಕ್ಟೇ ತಲೆನೋವು" ಎಂದು ಹುಡುಗಿಯರು ನನ್ನೆದುರೇ ಹೇಳುತ್ತಾರೆ. ಬೇಜಾರೇನಿಲ್ಲ. ತಮಾಷೆಯೆಂದರೆ, ನೀಟ್ ರಿಸಲ್ಟ್ ಬಂದಾಗ ಅವರ ಅಪ್ಪ-ಅಮ್ಮಂದಿರು ಬಯಾಲಜಿಯವರನ್ನು ಬಿಟ್ಟು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಅಂಕಿಗಳ ವಿಷಯ ಫಿಸಿಕ್ಸ್‌ನವರಿಗೇ ಗೊತ್ತಿರುತ್ತದೆ ಎಂಬ ನಂಬಿಕೆ ಇರಬೇಕು.

ಅವರು ಹಿಡಿದು ತರುವ ಸ್ಕೋರ್ ಕಾರ್ಡ್ ನೋಡಲು ಸರಳವಾಗಿದೆ, ಓದಲು ಅಲ್ಲ. ಅದರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯ ಮುಂದೆ ಒಂದೊಂದು ಸಂಖ್ಯೆ, ಪಾಯಿಂಟಿನ ಆಚೆ ಉದ್ದದ ಬಾಲದ ಸಮೇತ. ಅವು ಅಂಕಗಳಲ್ಲ, ಪರ್ಸೆಂಟೈಲ್. ಅಂಕ ಅಂತ ಇರುವುದು ಒಂದೇ ಕಡೆ: 720ಕ್ಕೆ ಒಟ್ಟು ಎಷ್ಟು ಎಂಬಲ್ಲಿ. ಯಾವ ವಿಷಯದಲ್ಲಿ ಎಷ್ಟು ಅಂಕ ಎಂಬುದನ್ನು ಕಾರ್ಡು ಹೇಳುವುದೇ ಇಲ್ಲ.

2025ರ ಜೂನ್‌ನಲ್ಲಿ ಕೊಬ್ಬರಿ ವ್ಯಾಪಾರಿಯೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ನನ್ನ ವಿದ್ಯಾರ್ಥಿನಿ, ಸೆಕೆಂಡ್ ಪಿಯುನಲ್ಲಿ ಫಿಸಿಕ್ಸ್‌ಗೆ ತೊಂಬತ್ತರ ಮೇಲೆ ತೆಗೆದವಳು. "ಬಯಾಲಜಿ 91, ಕೆಮಿಸ್ಟ್ರಿ 86, ಫಿಸಿಕ್ಸ್ 79. ಡಿಸ್ಟಿಂಕ್ಷನ್ ಆಯ್ತಲ್ಲ ಮೇಡಂ? ಇವಳು ಯಾಕೆ ಮೂರು ದಿವಸದಿಂದ ಊಟ ಬಿಟ್ಟು ಕೂತವ್ಳೆ ಅಂತ ನೀವಾದರೂ ಕೇಳಿ" ಎಂದರು. ಹುಡುಗಿಗೆ ಗೊತ್ತಿತ್ತು, ಅಪ್ಪನಿಗೆ ಹೇಳುವ ಧೈರ್ಯ ಇರಲಿಲ್ಲ. ಒಟ್ಟು ಅಂಕ 352.

ಅವರಿಗೆ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಫಿಸಿಕ್ಸ್‌ನಲ್ಲಿ 79 ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದ ನೂರು ಮಕ್ಕಳಲ್ಲಿ 79 ಮಂದಿ ಇವಳಷ್ಟೇ ಅಥವಾ ಇವಳಿಗಿಂತ ಕಡಿಮೆ ತೆಗೆದಿದ್ದಾರೆ ಎಂದರ್ಥ. ಉಳಿದ 21 ಮಂದಿ ಮುಂದಿದ್ದಾರೆ. ನೂರಕ್ಕೆ 21 ಎಂದರೆ ಹಗುರವಾಗಿ ಕೇಳಿಸುತ್ತದೆ. ಆದರೆ ಆ ವರ್ಷ ಪರೀಕ್ಷೆ ಬರೆದವರು 22 ಲಕ್ಷದ 9 ಸಾವಿರಕ್ಕೂ ಹೆಚ್ಚು. ಅಲ್ಲಿಗೆ ಫಿಸಿಕ್ಸ್‌ನಲ್ಲಿ ಇವಳ ಮುಂದೆ ನಿಂತವರು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಒಂದು ಪರ್ಸೆಂಟೈಲ್ ಮೇಲೆ-ಕೆಳಗೆ ಆಯಿತೆಂದರೆ 22 ಸಾವಿರ ಮಕ್ಕಳು ಆಚೀಚೆ ಆದ ಹಾಗೆ. ದೇಶದಲ್ಲಿ ಸರ್ಕಾರಿ, ಖಾಸಗಿ, ಡೀಮ್ಡ್ ಎಲ್ಲ ಸೇರಿಸಿದರೂ ಎಂಬಿಬಿಎಸ್ ಸೀಟು ಆಗ ಸುಮಾರು 1.2 ಲಕ್ಷ. ಅದರಲ್ಲಿ ನಮ್ಮಂಥವರು ಫೀಸು ಕಟ್ಟಬಲ್ಲ ಸರ್ಕಾರಿ ಸೀಟು ಹೆಚ್ಚುಕಮ್ಮಿ ಅರ್ಧ. ಮೀಸಲಾತಿಯ ಲೆಕ್ಕ ಪಕ್ಕಕ್ಕಿಟ್ಟು ನೋಡಿದರೆ, ಒಟ್ಟಾರೆ 95 ಪರ್ಸೆಂಟೈಲ್ ತೆಗೆದವರು ಕೂಡ ಒಂದು ಲಕ್ಷದ ಹತ್ತು ಸಾವಿರದ ಆಸುಪಾಸಿನ ರ‍್ಯಾಂಕಿನಲ್ಲಿರುತ್ತಾರೆ, ಸಾಲಿನ ಬಾಲದಲ್ಲಿ.

ಇದೇ ಗೊಂದಲದಿಂದ ಹುಟ್ಟಿದ್ದು ನಮ್ಮೂರಿನ ಸರ್ಕಲ್ಲಿನಲ್ಲಿ ಕಟ್ಟುವ "ನೀಟ್ ಪಾಸ್" ಫ್ಲೆಕ್ಸುಗಳು. ಜನರಲ್‌ನವರಿಗೆ 50ನೇ ಪರ್ಸೆಂಟೈಲ್, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ 40ನೇ ಪರ್ಸೆಂಟೈಲ್ ಬಂದರೆ ಅರ್ಹತೆ. 2025ರಲ್ಲಿ ಆ 50ನೇ ಪರ್ಸೆಂಟೈಲಿನ ಗೆರೆ ಬಿದ್ದದ್ದು 144 ಅಂಕಕ್ಕೆ. 720ಕ್ಕೆ 144, ಅಂದರೆ ಸರಿಯಾಗಿ ನೂರಕ್ಕೆ ಇಪ್ಪತ್ತು. ಹೀಗೆ ಅರ್ಹರಾದವರು 12 ಲಕ್ಷದ 36 ಸಾವಿರ. ಸೀಟು ಒಂದಾದರೆ ಪಾಸಾದವರು ಹತ್ತು ಮಂದಿ. ಕೌನ್ಸೆಲಿಂಗ್ ಬಾಗಿಲಿಗೆ ಬರಲು ಟೋಕನ್ ಸಿಕ್ಕಿತು, ಅಷ್ಟೇ. ಮ್ಯಾನೇಜ್‌ಮೆಂಟ್ ಸೀಟಿನ ಏಜೆಂಟರು ಫೋನ್ ಮಾಡಲು ಶುರು ಮಾಡುವುದೂ ಆ ಟೋಕನ್ ನೋಡಿಯೇ.

ಸರಿ, ಒಟ್ಟು ಅಂಕವನ್ನಾದರೂ ನಂಬಬಹುದೇ? ಆ ವರ್ಷದ ಮಟ್ಟಿಗೆ ನಂಬಬಹುದು, ಹಿಂದಿನ ವರ್ಷದ ಜೊತೆ ಹೋಲಿಸಲು ಹೋದರೆ ಕೈ ಸುಟ್ಟುಕೊಳ್ಳುತ್ತೀರಿ. 2024ರಲ್ಲಿ 600 ಅಂಕ ತೆಗೆದವರ ರ‍್ಯಾಂಕು ಸುಮಾರು 80 ಸಾವಿರದ ಹತ್ತಿರವಿತ್ತು. ಒಂದೇ ವರ್ಷ ಕಳೆದ ಮೇಲೆ, 2025ರಲ್ಲಿ, ಇಡೀ ದೇಶದಲ್ಲಿ 600 ದಾಟಿದವರು 1,400 ಮಂದಿಯೂ ಇರಲಿಲ್ಲ. ದೇಶಕ್ಕೆ ಮೊದಲು ಬಂದ ಹುಡುಗನ ಅಂಕವೇ 686. 2025ರ ಪ್ರಶ್ನೆಪತ್ರಿಕೆ ಕಷ್ಟವಿತ್ತು, ಅದರಲ್ಲೂ ಫಿಸಿಕ್ಸ್ ಮೈ ಬೆವರಿಸಿತ್ತು. ಮೇಲಾಗಿ ಅದುವರೆಗೆ ಇದ್ದ ಆಯ್ಕೆಯ ಪ್ರಶ್ನೆಗಳನ್ನು ತೆಗೆದು, 200 ನಿಮಿಷವನ್ನು 180ಕ್ಕೆ ಇಳಿಸಿದ್ದರು. "ಪಕ್ಕದ ಮನೆ ಹುಡುಗ ಹೋದ್ಸಲ 580 ತೆಗೆದ, ಇವಳು 500 ತೆಗೆದಿದ್ದಾಳೆ, ದಡ್ಡಿ" ಎನ್ನುವ ಮಾತಿಗೆ ಅರ್ಥವೇ ಇಲ್ಲ. ಅವಳ ರ‍್ಯಾಂಕು ಅವನಿಗಿಂತ ಎಷ್ಟೋ ಮೇಲಿರುತ್ತದೆ.

ಇದನ್ನು ಕೊಬ್ಬರಿಯವರು ನನಗಿಂತ ಬೇಗ ಹಿಡಿದರು. "ಕ್ವಿಂಟಾಲ್ ಎಷ್ಟಿದ್ರೇನು, ಅವತ್ತಿನ ಹರಾಜಲ್ಲಿ ರೇಟು ಏನು ನಿಂತಿತ್ತು ಅಂತ ತಾನೆ ನೋಡ್ಬೇಕು" ಎಂದರು. ಅಷ್ಟೇ. ಅಂಕ ತೂಕ, ರ‍್ಯಾಂಕು ಅವತ್ತಿನ ಧಾರಣೆ.

ಎಲ್ಲ ದೇಶದಲ್ಲೂ ಹೀಗೇ ಇದೆ ಅಂತಲ್ಲ. ನನ್ನ ಅಕ್ಕನ ಮಗಳು ನ್ಯೂಜೆರ್ಸಿಯಲ್ಲಿ ಡಿಗ್ರಿ ಓದುವಾಗ ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ ಎಂ-ಕ್ಯಾಟ್ ಬರೆದಳು. ಅದರಲ್ಲಿ ನಾಲ್ಕು ಭಾಗ. ಪ್ರತಿ ಭಾಗಕ್ಕೂ 118ರಿಂದ 132ರವರೆಗೆ ಅಂಕ, ಒಟ್ಟು 472ರಿಂದ 528. ನಡುಮಧ್ಯ 500. ತಪ್ಪಿಗೆ ಅಂಕ ಕಳೆಯುವುದಿಲ್ಲ. ಪ್ರಶ್ನೆಪತ್ರಿಕೆ ಸುಲಭವೋ ಕಷ್ಟವೋ ಎಂಬುದನ್ನು ಸರಿದೂಗಿಸಿಯೇ ಅಂಕ ಕೊಡುತ್ತಾರೆ, ಹಾಗಾಗಿ ಒಂದು ವರ್ಷದ 510ಕ್ಕೂ ಇನ್ನೊಂದು ವರ್ಷದ 510ಕ್ಕೂ ತೂಕ ಒಂದೇ. ಇನ್ನೊಂದು ವ್ಯತ್ಯಾಸ: ಅಲ್ಲಿ ಒಟ್ಟು ಅಂಕ ನೋಡಿ ಸುಮ್ಮನಾಗುವುದಿಲ್ಲ. 129, 122, 130, 129 ಎಂದು ಬಂದರೂ ಮೊತ್ತ 510ಏ, ಆದರೆ ಆ 122 ಎದ್ದು ಕಾಣುತ್ತದೆ. ಅದು ಸಾಮಾನ್ಯವಾಗಿ ಉದ್ದನೆಯ ಗದ್ಯ ಓದಿ ಉತ್ತರಿಸುವ ಭಾಗದ್ದು. ಸೈನ್ಸ್ ಹುಡುಗರ ಹಣೆಬರಹ ಎಲ್ಲ ಕಡೆಯೂ ಒಂದೇ! ಕಾಲೇಜಿನವರು ಸಂದರ್ಶನ ಮಾಡಿ, ಬೇರೆ ಕಾಗದಪತ್ರ ನೋಡಿ ನಿರ್ಧರಿಸುವುದರಿಂದ, ಭಾಗಗಳ ನಡುವಿನ ಸಮತೋಲ ಅಲ್ಲಿ ಒಬ್ಬ ಮನುಷ್ಯನ ಕಣ್ಣಿಗೆ ಬೀಳುತ್ತದೆ.

ನಮ್ಮಲ್ಲಿ ಕಣ್ಣಿಗೆ ಬೀಳುವ ಪ್ರಶ್ನೆಯೇ ಇಲ್ಲ. ಕಂಪ್ಯೂಟರು ಮೊತ್ತ ನೋಡಿ ಸಾಲು ನಿಲ್ಲಿಸುತ್ತದೆ. 180 ಪ್ರಶ್ನೆಯಲ್ಲಿ ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ವಿಷಯವಾರು ಕನಿಷ್ಠ ಅಂಕ ಎಂಬುದು ನೀಟ್‌ನಲ್ಲಿ ಇಲ್ಲವೇ ಇಲ್ಲ. ಫಿಸಿಕ್ಸ್‌ನಲ್ಲಿ ಸೊನ್ನೆ ತೆಗೆದು, ಅಥವಾ ಸೊನ್ನೆಗಿಂತ ಕೆಳಗಿಳಿದು, ಉಳಿದೆರಡರ ಬಲದಿಂದ ಅರ್ಹತೆ ಪಡೆಯಬಹುದು. ಅಂಥವರು ಖಾಸಗಿ ಕಾಲೇಜು ಸೇರಿದ ಸುದ್ದಿ ಹಿಂದೊಮ್ಮೆ ಪತ್ರಿಕೆಗಳಲ್ಲಿ ಗದ್ದಲ ಎಬ್ಬಿಸಿತ್ತು. ನನ್ನ ಸಬ್ಜೆಕ್ಟಿಗೆ ಇದಕ್ಕಿಂತ ಅವಮಾನ ಬೇಕೇ? ಪಿಯುನಲ್ಲಿ ಮೂರೂ ವಿಷಯ ಸೇರಿ ಜನರಲ್‌ನವರಿಗೆ ಶೇ. 50 ಇರಬೇಕೆಂಬ ನಿಯಮ ಇದೆ, ಆದರೆ ಅದು ಬೇರೆ ಮಾತು.

ಅವಮಾನ ಅಲ್ಲಿಗೇ ಮುಗಿಯುವುದಿಲ್ಲ. ಇಬ್ಬರ ಮೊತ್ತ ಸಮವಾದರೆ ಯಾರು ಮುಂದೆ ಎಂದು ತೀರ್ಮಾನಿಸಲು ಮೊದಲು ಬಯಾಲಜಿ, ಆಮೇಲೆ ಕೆಮಿಸ್ಟ್ರಿ, ಕೊನೆಗೆ ಫಿಸಿಕ್ಸ್ ಅಂಕ ನೋಡುತ್ತಾರೆ. 2022ರಲ್ಲಿ ದೇಶದ ಮೊದಲ ನಾಲ್ಕು ರ‍್ಯಾಂಕಿನವರ ಅಂಕವೂ 715. ಅದರಲ್ಲಿ ಮೂರನೇ, ನಾಲ್ಕನೇ ಸ್ಥಾನ ಕರ್ನಾಟಕದ ಮಕ್ಕಳದ್ದು. 2020ರಲ್ಲಂತೂ ಇಬ್ಬರು 720ಕ್ಕೆ 720 ತೆಗೆದರು. ವಿಷಯವಾರು ನೋಡಿದರೂ ವ್ಯತ್ಯಾಸ ಸಿಗುವ ಹಾಗಿಲ್ಲ, ಹಾಗಾಗಿ ವಯಸ್ಸಿನಲ್ಲಿ ದೊಡ್ಡವನಿಗೆ ಮೊದಲ ರ‍್ಯಾಂಕು ಕೊಟ್ಟರು. ವಯಸ್ಸಿನ ನಿಯಮ ಆಮೇಲೆ ಬದಲಾಯಿತು. ಟಾಪರ್‌ಗಳ ಸುದ್ದಿ ಎಂದು ಇದನ್ನು ಪಕ್ಕಕ್ಕಿಡಬೇಡಿ. ನಡುವಿನ ಅಂಕಗಳಲ್ಲಿ ಒಂದೊಂದು ಅಂಕದ ಮೇಲೂ ನೂರಾರು ಮಕ್ಕಳು ಕೂತಿರುತ್ತಾರೆ, ಕೆಳಗಿಳಿದಂತೆ ಸಾವಿರ ದಾಟುತ್ತದೆ. ಅಲ್ಲಿ ಬಯಾಲಜಿಯ ನಾಲ್ಕು ಅಂಕ ರ‍್ಯಾಂಕನ್ನು ನೂರುಗಟ್ಟಲೆ ಮೇಲೆತ್ತುತ್ತದೆ.

ಒಂದೇ ಪ್ರಶ್ನೆ ಏನು ಮಾಡಬಲ್ಲದು ಎಂಬುದಕ್ಕೆ 2024ರ ಉದಾಹರಣೆ ಸಾಕು, ಅದೂ ಫಿಸಿಕ್ಸ್‌ನದ್ದೇ. ಪರಮಾಣುವಿನ ಬಗ್ಗೆ ಎರಡು ಹೇಳಿಕೆ ಕೊಟ್ಟು ಯಾವುದು ಸರಿ ಎಂದು ಕೇಳಿದ್ದರು. ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕ ಓದಿದವರಿಗೆ ಒಂದು ಉತ್ತರ, ಹೊಸದನ್ನು ಓದಿದವರಿಗೆ ಇನ್ನೊಂದು. ಮೊದಲು ಎರಡಕ್ಕೂ ಅಂಕ ಕೊಟ್ಟರು. ಜೂನ್ 4ರಂದು, ಲೋಕಸಭೆ ಮತ ಎಣಿಕೆಯ ದಿನವೇ, ಫಲಿತಾಂಶ ಬಂದಾಗ 67 ಮಂದಿ 720ಕ್ಕೆ 720! ಅವರಲ್ಲಿ 44 ಮಂದಿ ಆ ಪ್ರಶ್ನೆಯ ಕೃಪೆಯಿಂದ ಮೇಲೇರಿದವರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ದೆಹಲಿ ಐಐಟಿಯ ತಜ್ಞರು ಒಂದೇ ಉತ್ತರ ಸರಿ ಎಂದರು. ಇನ್ನೊಂದು ಉತ್ತರ ಬರೆದಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ತಲಾ ಐದು ಅಂಕ ಕಳೆದುಕೊಂಡರು: ಬಂದಿದ್ದ ನಾಲ್ಕು ಹೋಯಿತು, ಮೇಲೆ ದಂಡ ಒಂದು. ಪರೀಕ್ಷೆಯಲ್ಲಿ ಸಮಯ ನಷ್ಟವಾಯಿತೆಂದು ಕೆಲವರಿಗೆ ಕೊಟ್ಟಿದ್ದ ಗ್ರೇಸ್ ಅಂಕಗಳೂ ಅಷ್ಟರಲ್ಲಿ ರದ್ದಾಗಿದ್ದವು. ಜುಲೈ ಕೊನೆಯ ಪರಿಷ್ಕೃತ ಪಟ್ಟಿಯಲ್ಲಿ ಪೂರ್ಣ ಅಂಕದವರು 17 ಮಂದಿ ಉಳಿದರು. ಜನರಲ್ ಕಟ್ ಆಫ್ ಕೂಡ 164ರಿಂದ 162ಕ್ಕೆ ಇಳಿಯಿತು.

ಆ ಐದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸರಿಗೂ ತಪ್ಪಿಗೂ ನಡುವಿನ ಅಂತರ ಐದು, ಸರಿಗೂ ಖಾಲಿ ಬಿಟ್ಟದ್ದಕ್ಕೂ ನಡುವೆ ನಾಲ್ಕು. ಈ ಎರಡು ಸಂಖ್ಯೆ ಹಿಡಿದುಕೊಂಡೇ ಕೊಬ್ಬರಿಯವರ ಮಗಳ ಒಎಂಆರ್ ಶೀಟನ್ನು ಬಿಚ್ಚಿ ನೋಡಿದ್ದು. ಒಎಂಆರ್ ಪ್ರತಿಯನ್ನು ವೆಬ್‌ಸೈಟಿನಿಂದ ಇಳಿಸಿಕೊಂಡಿದ್ದಳು, ಅಂತಿಮ ಕೀ ಉತ್ತರ ಇತ್ತು, ಪರೀಕ್ಷೆಯಿಂದ ಮನೆಗೆ ತಂದಿದ್ದ ಪ್ರಶ್ನೆಪುಸ್ತಿಕೆಯೂ ಇತ್ತು. ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದೆವು.

ಫಿಸಿಕ್ಸ್: 15 ಸರಿ, 18 ತಪ್ಪು, 12 ಖಾಲಿ. ಅರವತ್ತರಲ್ಲಿ ಹದಿನೆಂಟು ಕಳೆದರೆ 42. ಅಪ್ಪ ಡಿಸ್ಟಿಂಕ್ಷನ್ ಅಂದುಕೊಂಡಿದ್ದ 79 ಪರ್ಸೆಂಟೈಲಿನ ಒಳಗಿದ್ದದ್ದು 180ಕ್ಕೆ 42! ಕೆಮಿಸ್ಟ್ರಿ: 24 ಸರಿ, 14 ತಪ್ಪು, 7 ಖಾಲಿ. 82 ಅಂಕ. ಬಯಾಲಜಿ: 62 ಸರಿ, 20 ತಪ್ಪು, 8 ಖಾಲಿ. 228 ಅಂಕ. ಕೂಡಿದರೆ 352, ಕಾರ್ಡಿನಲ್ಲಿದ್ದ ಮೊತ್ತವೇ.

"ನೋಡಿ ಮೇಡಂ, ಫಿಸಿಕ್ಸೇ ಕೈ ಕೊಟ್ಟಿದ್ದು" ಎಂದಳು ಹುಡುಗಿ. ಹೌದು ಅನ್ನಿಸುತ್ತದೆ. ಆದರೆ ಬಂದದ್ದನ್ನು ಬಿಟ್ಟು ಹೋದದ್ದನ್ನು ಎಣಿಸಲು ಹೇಳಿದೆ. ಫಿಸಿಕ್ಸ್‌ನಲ್ಲಿ ಹೋದದ್ದು 138. ಕೆಮಿಸ್ಟ್ರಿಯಲ್ಲಿ 98. ಅವಳ ಪ್ರಾಣವಾದ ಬಯಾಲಜಿಯಲ್ಲಿ 132. ಫಿಸಿಕ್ಸ್‌ಗೂ ಬಯಾಲಜಿಗೂ ಇರುವ ವ್ಯತ್ಯಾಸ ಆರೇ ಅಂಕ. 91 ಪರ್ಸೆಂಟೈಲ್ ಎಂಬ ಸಂಖ್ಯೆಯ ಹಿಂದೆ 132 ಅಂಕ ಸದ್ದಿಲ್ಲದೆ ಸೋರಿಹೋಗಿತ್ತು, ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಸಮತೋಲ ನೋಡುವುದೆಂದರೆ ನನ್ನ ಮಟ್ಟಿಗೆ ಇದೇ: ಯಾವುದು ಕಷ್ಟ, ಯಾವುದು ಇಷ್ಟ ಎನ್ನುವ ಮಾತು ಆಮೇಲೆ, ಮೊದಲು ಎಲ್ಲೆಲ್ಲಿ ಎಷ್ಟೆಷ್ಟು ಹೋಯಿತು, ಅದರಲ್ಲಿ ವಾಪಸ್ ತರಬಹುದಾದದ್ದು ಎಷ್ಟು.

ಬಯಾಲಜಿಯ ಇಪ್ಪತ್ತು ತಪ್ಪುಗಳನ್ನು ಒಂದೊಂದಾಗಿ ನೋಡಿದರೆ ಹೆಚ್ಚಿನವು ಹೊಂದಿಸಿ ಬರೆಯುವಂಥವು, ಇಲ್ಲವೆ ಎರಡು ಹೇಳಿಕೆ ಕೊಟ್ಟು ಸರಿ-ತಪ್ಪು ಕೇಳುವಂಥವು. ಪಾಠ ಗೊತ್ತಿದೆ, ಎನ್‌ಸಿಇಆರ್‌ಟಿಯ ಸಾಲು ಗೊತ್ತಿಲ್ಲ. ಇವು ಕೂತು ಓದಿದರೆ ಬರುವ ಅಂಕಗಳು. ಫಿಸಿಕ್ಸ್ ಕಥೆ ಬೇರೆ. ಪುಸ್ತಿಕೆಯ ಅಂಚಿನಲ್ಲಿ ಅವಳು ಗೀಚಿದ ಲೆಕ್ಕಗಳು ಹಾಗೇ ಇದ್ದವು. ಮೊದಲ ಕೆಲವು ಪ್ರಶ್ನೆಗಳಿಗೆ ಚಿತ್ರ, ಸೂತ್ರ, ಏಕಮಾನ ಎಲ್ಲ ಅಚ್ಚುಕಟ್ಟು. ಒಂದು ಕಡೆ ಮೈಕ್ರೋಫ್ಯಾರಡ್ ಬದಲಾಯಿಸುವಾಗ ಹತ್ತರ ಘಾತ ಮೈನಸ್ ಆರು ಬರೆಯುವುದನ್ನೇ ಮರೆತಿದ್ದಳು. ಆಮೇಲಿನ ಪುಟಗಳಲ್ಲಿ ಅಂಚು ಖಾಲಿ, ಉತ್ತರ ಮಾತ್ರ ಗುರುತಾಗಿದೆ. ಬಯಾಲಜಿ, ಕೆಮಿಸ್ಟ್ರಿ ಮುಗಿಸಿ ಫಿಸಿಕ್ಸ್‌ಗೆ ಬರುವಾಗ ಅವಳ ಹತ್ತಿರ ಉಳಿದದ್ದು ಅರ್ಧ ಗಂಟೆ. 45 ಲೆಕ್ಕಕ್ಕೆ ಅರ್ಧ ಗಂಟೆ ಸಾಕಾಗುವುದಿಲ್ಲ. ನಾನಾಗಿದ್ದರೂ ಆಗುತ್ತಿರಲಿಲ್ಲ. ಪಿಯು ಬೋರ್ಡಿನಲ್ಲಿ ವೀಟ್‌ಸ್ಟೋನ್ ಬ್ರಿಡ್ಜಿನ ಡಿರೈವೇಷನ್ ಬರೆದು ಅಂಕ ಗಿಟ್ಟಿಸುವುದು ಒಂದು ವಿದ್ಯೆ, ಇದು ಇನ್ನೊಂದು.

ಊಹೆ ಹೊಡೆಯುವುದರ ಬಗ್ಗೆಯೂ ಜನರಲ್ಲಿ ಎರಡು ಅತಿಗಳಿವೆ. ಗೊತ್ತಿಲ್ಲದ್ದನ್ನು ಮುಟ್ಟಲೇಬಾರದು ಎನ್ನುವವರು, ಎಲ್ಲಕ್ಕೂ ಚುಕ್ಕಿ ಇಡು ಎನ್ನುವವರು. ಲೆಕ್ಕ ಹೀಗಿದೆ: ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒಂದನ್ನು ಗುರುತಿಸಿದರೆ ಸರಾಸರಿ ಸಿಗುವುದು ಕಾಲು ಅಂಕ. ಲಾಭವೇ, ಆದರೆ ಇಪ್ಪತ್ತು ಪ್ರಶ್ನೆಗೆ ಸೇರಿ ಐದು ಅಂಕದ ಲಾಭ, ಅದೂ ಅದೃಷ್ಟ ನೆಟ್ಟಗಿದ್ದರೆ. ಇಲ್ಲದಿದ್ದರೆ ಮೈನಸ್. ಎರಡು ಆಯ್ಕೆ ಖಂಡಿತ ತಪ್ಪು ಎಂದು ತೆಗೆದುಹಾಕುವಷ್ಟು ಗೊತ್ತಿದ್ದರೆ ಮಾತ್ರ ಸರಾಸರಿ ಒಂದೂವರೆಗೆ ಏರುತ್ತದೆ, ಆಗ ಬಿಡುವುದು ದಡ್ಡತನ. ಇವಳ ಫಿಸಿಕ್ಸ್‌ನ ತಪ್ಪುಗಳಲ್ಲಿ ಬಹುಪಾಲು ಮೊದಲ ಜಾತಿಯವು.

ಒಂದೇ ಮೊತ್ತದ ಇಬ್ಬರಿಗೆ ಒಂದೇ ಸಲಹೆ ಕೊಡಲಾಗದು ಎಂಬುದು ಇದರಿಂದಲೇ. 450 ಅಂಕದ ಇಬ್ಬರನ್ನು ತಗೊಳ್ಳಿ. ಒಬ್ಬಳಿಗೆ ಬಯಾಲಜಿ 300, ಕೆಮಿಸ್ಟ್ರಿ 90, ಫಿಸಿಕ್ಸ್ 60. ಇನ್ನೊಬ್ಬನಿಗೆ 240, 100, 110. ರ‍್ಯಾಂಕ್ ಪಟ್ಟಿಯಲ್ಲಿ ಬಯಾಲಜಿ ಬಲದಿಂದ ಅವಳೇ ಮುಂದೆ. ಆದರೆ ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗಿಗೆ ಕೂರಬೇಕೇ ಎಂದು ಕೇಳಿದರೆ, ಹುಡುಗನಿಗೆ ಧೈರ್ಯವಾಗಿ ಕೂರು ಎನ್ನುತ್ತೇನೆ. ಅವನಿಗೆ ಬೇಕಾದ 120 ಅಂಕ ಬಯಾಲಜಿಯಲ್ಲಿ ಕಾದು ಕೂತಿದೆ. ಅವಳ ಬಯಾಲಜಿಯಲ್ಲಿ ಇನ್ನು ಏರಲು ಜಾಗ ಕಡಿಮೆ, ಫಿಸಿಕ್ಸ್‌ನ ಬುಡವನ್ನೇ ಮತ್ತೆ ಕಟ್ಟಬೇಕು. ಆಗದ ಕೆಲಸವಲ್ಲ. ಆದರೆ ಬಯಾಲಜಿ ಚೆನ್ನಾಗಿದೆ ಎಂದು ಅದನ್ನೇ ಮತ್ತೊಂದು ವರ್ಷ ಓದಿಸುವ ಕೋಚಿಂಗಿಗೆ ಲಕ್ಷಗಟ್ಟಲೆ ಸುರಿದರೆ, ಮುಂದಿನ ಜೂನ್‌ನಲ್ಲಿ ಹತ್ತಿಪ್ಪತ್ತು ಅಂಕ ಹೆಚ್ಚು ಬಂದೀತು, ಅಷ್ಟೇ. ದಾಖಲಾತಿಗೆ ಮುಂಚೆ ಒಎಂಆರ್ ತೋರಿಸಿ ಎಂದು ಕೇಳುವ ಕೋಚಿಂಗ್ ಸೆಂಟರನ್ನು ನಾನಂತೂ ನೋಡಿಲ್ಲ. ಚೆಕ್ ಬುಕ್ ತಂದಿದ್ದೀರಾ ಎಂದು ಕೇಳುವವರನ್ನು ನೋಡಿದ್ದೇನೆ.

"ಹಂಗಾದ್ರೆ ಮುಂದಿನ ವರ್ಷ ಎಷ್ಟು ಬಂದ್ರೆ ಸೀಟು ಗ್ಯಾರಂಟಿ, ಒಂದು ನಂಬರ್ ಹೇಳ್ಬಿಡಿ ಮೇಡಂ" ಎಂದರು ಕೊಬ್ಬರಿಯವರು. ಅಂಕದಲ್ಲಿ ಹೇಳಲಾರೆ ಎಂದೆ. ರಾಜ್ಯದ ಸೀಟು ಹಂಚುವ ಕೆಇಎಯವರು ಪ್ರತಿ ಸುತ್ತು ಮುಗಿದ ಮೇಲೆ ಯಾವ ಕಾಲೇಜಿನಲ್ಲಿ ಯಾವ ಕೆಟಗರಿಗೆ ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಹೋಯಿತು ಎಂಬ ಪಟ್ಟಿ ಹಾಕುತ್ತಾರೆ. ನೋಡಬೇಕಾದದ್ದು ಅದನ್ನು. ಅದರಲ್ಲೂ ನಿಮ್ಮ ಕೆಟಗರಿಯ ಕಾಲಂ ಮಾತ್ರ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರ ಕೋಟಾ. ಎರಡಕ್ಕೂ ಬೇರೆ ಬೇರೆ ಕಾಲಂ ಇದೆ, ಕೊನೆಯ ರ‍್ಯಾಂಕು ಸಾವಿರಗಟ್ಟಲೆ ವ್ಯತ್ಯಾಸವಾಗುತ್ತದೆ. ಸರ್ಕಾರಿ ಕಾಲೇಜಿನ ನೂರರಲ್ಲಿ 15 ಸೀಟು ಅಖಿಲ ಭಾರತ ಕೋಟಾದಲ್ಲಿ ದೆಹಲಿಯ ಎಂಸಿಸಿ ಮೂಲಕ ಹೋಗುತ್ತದೆ, ಆ ಪಟ್ಟಿಯನ್ನು ಇದರ ಜೊತೆ ಕಲಸಬಾರದು.

ಅವರ ಮಗಳು ನಾಲ್ಕನೇ ಕ್ಲಾಸಿನವರೆಗೆ ತಾತನ ಊರಿನ ಸರ್ಕಾರಿ ಶಾಲೆಯಲ್ಲಿ, ಐದರಿಂದ ತಿಪಟೂರಿನ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಎರಡು ಕೋಟಾವೂ ಸಿಗುವ ಹಾಗಿರಲಿಲ್ಲ. ಖಾಸಗಿ ಸೀಟಿಗೆ ತೋಟ ಅಡ ಇಡುವ ಮಾತು ಬಂತು, ಹುಡುಗಿಯೇ ಬೇಡ ಎಂದಳು. ಈಗ ಲಾಂಗ್ ಟರ್ಮ್ ಓದುತ್ತಿದ್ದಾಳೆ. ಭಾನುವಾರದ ಮಾಕ್ ಟೆಸ್ಟ್ ಮುಗಿದ ಮೇಲೆ ಮೊತ್ತವನ್ನು ಅಪ್ಪನಿಗೆ ಕಳಿಸುತ್ತಾಳೆ, ನನಗೆ ಮೂರು ಸಾಲು ಬರುತ್ತದೆ: ಸರಿ, ತಪ್ಪು, ಖಾಲಿ, ವಿಷಯವಾರು. ಕಳೆದ ಸಲ ಬಯಾಲಜಿಯ ತಪ್ಪು ಒಂಬತ್ತಕ್ಕೆ ಇಳಿದಿತ್ತು. ಫಿಸಿಕ್ಸ್‌ನಲ್ಲಿ ಖಾಲಿ ಬಿಟ್ಟದ್ದು ಹೆಚ್ಚಾಗಿತ್ತು, ತಪ್ಪು ಕಡಿಮೆಯಾಗಿತ್ತು. ಈ ಹಂತಕ್ಕೆ ಅದು ಸರಿಯಾಗಿಯೇ ಇದೆ ಎಂದು ಉತ್ತರ ಕಳಿಸಿದೆ.